ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಬದಲಿಸುವ ಮುನ್ನ ಏನೇನು ನೋಡಬೇಕು? ಅನುಭವಸ್ಥರು ತಿಳಿಸಿ

ಪ್ರಶ್ನೆ:
ಸಕಲೇಶಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ 2006ರ ಮಾರುತಿ ಜಿಪ್ಸಿ ಕಿಂಗ್ ಇದೆ. ಈ ಮಳೆಗಾಲದಲ್ಲಿ ಮೂರು ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಇಳಿಜಾರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ನಿಧಾನ ಗತಿಯ ಗೇರ್) ಹಾಕಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತದೆ. ವೇಗ 40 ಕಿ.ಮೀ. ದಾಟಿದರೆ ಸೀಟಿನ ಕೆಳಗಿನಿಂದ ಕೊರೆಯುವಂಥ ಸದ್ದು ಬರುತ್ತದೆ. ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಎಣ್ಣೆಯ ಕಲೆ ಇರುತ್ತದೆ. ಟ್ರಾನ್ಸ್‌ಫರ್ ಕೇಸನ್ನೇ (ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ಉತ್ತರ 1 (ಮೂಡಿಗೆರೆಯಿಂದ):
ಹದಿನೆಂಟು ವರ್ಷಗಳಿಂದ ಜಿಪ್ಸಿ ಇಟ್ಟುಕೊಂಡಿರುವ ನನ್ನ ಮೊದಲ ಸಲಹೆ, ಲಿವರ್ ಜಾರುವ ತೊಂದರೆ ಸರಿಯಾಗುವವರೆಗೆ ಆ ವಾಹನವನ್ನು ಇಳಿಜಾರಿಗೆ ಒಯ್ಯಬೇಡಿ. ಲೋ ಗೇರ್ ಬಿದ್ದುಹೋದರೆ ಎಂಜಿನ್ನಿನ ಹಿಡಿತವೂ ತಪ್ಪಿ, ಜಾರುವ ಕೆಸರಿನಲ್ಲಿ ಬ್ರೇಕ್ ಒಂದನ್ನೇ ನಂಬಬೇಕಾಗುತ್ತದೆ.

ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಅದು ಪ್ರತ್ಯೇಕವಾಗಿ ಚಾಸಿಗೆ ಮೂರು ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿದ್ದು, ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ (ಶಕ್ತಿ ಸಾಗಿಸುವ ತಿರುಗು ದಂಡ) ಇವೆರಡನ್ನೂ ಜೋಡಿಸುತ್ತದೆ. ಲಿವರ್ ಕೇಸಿನ ಮೇಲೆಯೇ ಕೂತಿರುವುದರಿಂದ, ರಬ್ಬರ್ ಹರಿದಿದ್ದರೆ ಭಾರ ಬಿದ್ದಾಗ ಮತ್ತು ಬಿಟ್ಟಾಗ ಇಡೀ ಕೇಸ್ ತಿರುಚಿಕೊಂಡು ಲಿವರ್ ನೆಲದ ತಗಡಿನ ಅಂಚಿಗೆ ತಾಗುತ್ತದೆ. ಗೇರನ್ನು ಜಾರಿಸುವುದು ಎಷ್ಟೋ ಸಲ ಆ ತಗಡೇ. ಕೆಳಗೆ ಮಲಗಿ, ಒಂದು ಹಾರೆಯಿಂದ ಕೇಸನ್ನು ಮೆಲ್ಲಗೆ ಮೀಟಿ ನೋಡಿ. ಹರಿದ ರಬ್ಬರ್ ಬಾಯಿ ಬಿಡುವುದು ಕಣ್ಣಿಗೇ ಕಾಣುತ್ತದೆ. ರಬ್ಬರ್ ಗಟ್ಟಿಯಾಗಿದ್ದರೆ, ಗೇರನ್ನು ಅದರ ಜಾಗದಲ್ಲಿ ಹಿಡಿದಿಡುವ ಪುಟ್ಟ ಗುಂಡು ಮತ್ತು ಸ್ಪ್ರಿಂಗನ್ನು ಪರೀಕ್ಷಿಸಿ. ಸ್ಪ್ರಿಂಗ್ ಸೋತಿದ್ದರೂ ಇದೇ ಲಕ್ಷಣ. ಗೇರನ್ನು ಸರಿಸುವ ಶಿಫ್ಟರ್ ಫೋರ್ಕ್ ಬಾಗಿದೆಯೇ, ಗೇರಿನ ಹಲ್ಲಿನ ಅಂಚು ಸವೆದಿದೆಯೇ ಎಂಬ ಶಂಕೆ ಅದಾದ ಮೇಲಿನದು. ಕೇಸ್ ಬಿಚ್ಚಬೇಕಾಗುವುದು ಆಗ ಮಾತ್ರ.

ಸದ್ದಿನ ವಿಷಯದಲ್ಲಿ ಒಂದು ಮಾತು ತಿಳಿದಿರಲಿ. ಈ ಕೇಸಿನಲ್ಲಿ ಹೈ ಅನುಪಾತ 1.409, ಲೋ ಅನುಪಾತ 2.268. ಹೈ ಎಂದರೂ ಶಕ್ತಿ ನೇರವಾಗಿ ಹಾದುಹೋಗದೆ ಕೌಂಟರ್ ಶಾಫ್ಟ್ ಎಂಬ ಪಕ್ಕದ ದಂಡದ ಗೇರುಗಳ ಮೂಲಕವೇ ಹೋಗುವುದರಿಂದ, ಆರೋಗ್ಯವಾಗಿರುವ ಜಿಪ್ಸಿಯಲ್ಲಿಯೂ ಸಣ್ಣ ಗುಂಯ್‌ಗುಡುವಿಕೆ ಇದ್ದೇ ಇರುತ್ತದೆ. ಹಿಂದೆ ಇಲ್ಲದಿದ್ದುದು ಈಗ ಹೆಚ್ಚಿದ್ದರೆ ಮಾತ್ರ ಚಿಂತೆ. ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ನಲ್ಲಿಟ್ಟು, ಗೇರ್‌ಬಾಕ್ಸನ್ನು ಮೂರನೆಯ ಗೇರಿಗೆ ಹಾಕಿ ಎಂಜಿನ್ ಓಡಿಸಿ ಕೇಳಿ. ಆಗಲೂ ಸದ್ದು ಬಂದರೆ ಗೇರ್‌ಬಾಕ್ಸ್, ಗಿಡ್ಡ ಶಾಫ್ಟ್, ಇನ್‌ಪುಟ್ ಅಥವಾ ಕೌಂಟರ್ ಶಾಫ್ಟಿನ ಬೇರಿಂಗ್ ಇವುಗಳಲ್ಲಿ ಒಂದನ್ನು ಅನುಮಾನಿಸಬಹುದು. ಬರದಿದ್ದರೆ ಔಟ್‌ಪುಟ್ ಬೇರಿಂಗ್, ಪ್ರೊಪೆಲ್ಲರ್ ಜಾಯಿಂಟ್ ಹಾಗೂ ಹಿಂದಿನ ಡಿಫರೆನ್ಷಿಯಲ್ ಕಡೆ ನೋಡಬೇಕು. ಆದರೆ ಭಾರವಿದ್ದಾಗ ಮಾತ್ರ ಕೂಗುವ ಬೇರಿಂಗ್‌ಗಳೂ ಇರುವುದರಿಂದ ಇದೊಂದೇ ಪರೀಕ್ಷೆಯ ಮೇಲೆ ತೀರ್ಮಾನ ಬೇಡ. ಜಾಯಿಂಟ್ ನೋಡಲು ಶಾಫ್ಟ್ ಬಿಚ್ಚುವಾಗ ಎರಡೂ ಫ್ಲ್ಯಾಂಜ್‌ಗಳಿಗೆ ಬಣ್ಣದ ಗುರುತು ಹಾಕಿಕೊಳ್ಳಿ. ಗುರುತಿಲ್ಲದೆ ಕೂರಿಸಿ ಹೊಸ ಅದುರುವಿಕೆ ತಂದುಕೊಂಡವರನ್ನು ನಾನು ಕಂಡಿದ್ದೇನೆ.

ಕೇಸಿನ ಎಣ್ಣೆ ಇಳಿಸುವ ಮುನ್ನ, ಎಣ್ಣೆ ತುಂಬುವ ಮೇಲಿನ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಳಗಿನದನ್ನು ಮೊದಲು ಬಿಚ್ಚಿ, ಮೇಲಿನದು ತುಕ್ಕು ಹಿಡಿದು ಕುಳಿತಿದ್ದರೆ ವಾಹನ ನಿಂತಲ್ಲೇ ನಿಲ್ಲುತ್ತದೆ. ಹಿಡಿಯುವುದು ಸುಮಾರು 0.8 ಲೀಟರ್ ಮಾತ್ರ. ಪ್ರಮಾಣ ಇಷ್ಟು ಕಡಿಮೆಯಿರುವ ಕಾರಣ ಸಣ್ಣ ಸೋರಿಕೆಯೂ ಬೇರಿಂಗಿಗೆ ಬೇಗ ಮುಟ್ಟುತ್ತದೆ. ಇಳಿದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ಹಿಡಿದು ನೋಡಿ. ಬೆರಳಿಗೆ ಹತ್ತುವ ನುಣ್ಣನೆಯ ಬೂದು ಪುಡಿ ಸಹಜ, ಚಕ್ಕೆ ಅಥವಾ ಚೂರು ಸಿಕ್ಕರೆ ಕೇಸ್ ಬಿಚ್ಚಲೇಬೇಕು, ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ.

ನೀರು ಸೇರುವುದಕ್ಕೂ ಸೀಲ್ (ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ಸೋರುವುದಕ್ಕೂ ಬಹಳ ಸಲ ಮೂಲ ಒಂದೇ, ಕೆಸರು ತುಂಬಿ ಮುಚ್ಚಿದ ಬ್ರೀದರ್, ಅಂದರೆ ಕೇಸಿನ ಗಾಳಿ ಆಡುವ ಸಣ್ಣ ಕಿಂಡಿ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಸೀಲಿನಿಂದ ಹೊರದೂಡುತ್ತದೆ. ಹಾಗೆಯೇ ಹಳ್ಳಕ್ಕೆ ಇಳಿದರೆ ಗಾಳಿ ಕುಗ್ಗಿ ಅದೇ ಸೀಲಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಒಂದೇ ವರ್ಷದಲ್ಲಿ ನನ್ನ ವಾಹನಕ್ಕೆ ಮೂರು ಸೀಲ್ ಹಾಕಿದ ಮೇಲೆ ಒಬ್ಬ ಹಿರಿಯ ಮೇಸ್ತ್ರಿ ಬ್ರೀದರಿಗೆ ತಂತಿ ತೂರಿಸಿ ತೋರಿಸಿದರು. ಆ ಬಳಿಕ ಅಲ್ಲಿಂದ ಒಂದು ರಬ್ಬರ್ ನಳಿಕೆಯನ್ನು ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು ಕಟ್ಟಿದ್ದೇನೆ. ಇಷ್ಟಾದರೂ ಸೋರಿದರೆ, ಸೀಲಿನ ತುಟಿ ಕೂರುವ ಜಾಗದಲ್ಲಿ ಗೀರು ಬಿದ್ದಿದೆಯೇ ಎಂದು ಉಗುರಿನಿಂದ ಸವರಿ ನೋಡಬೇಕು.

ಉತ್ತರ 2 (ಮಡಿಕೇರಿಯಿಂದ):
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಹಳೆಯ ವಿಲ್ಲಿಸ್ ಮಾದರಿಯ ಮಹೀಂದ್ರ ಜೀಪು ಇರುವವರು ಮಾತ್ರ ಇದನ್ನು ಹಾಗೆಯೇ ಅನುಸರಿಸಬಾರದು. ಅವುಗಳಲ್ಲಿ ಕೇಸ್ ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿದ್ದು, ಒಂದರ ಎಣ್ಣೆ ಇನ್ನೊಂದಕ್ಕೆ ಹರಿಯಬಹುದು. ಆದುದರಿಂದ ಎರಡರ ಮಟ್ಟವನ್ನೂ ಒಟ್ಟಿಗೆ ನೋಡಬೇಕು. ಈಚಿನ ಅನೇಕ ವಾಹನಗಳ ಕೇಸಿನಲ್ಲಿ ಗೇರಿನ ಬದಲು ಚೈನ್ ಇದ್ದು, ಎಣ್ಣೆಯೂ ಬೇರೆ. ಕೈಪಿಡಿಯಲ್ಲಿ ಬರೆದಿರುವುದನ್ನೇ ಹಾಕಬೇಕು.

ಇನ್ನೊಂದು ಮುಖ್ಯ ವಿಷಯ, ತೋಟದಿಂದ ಟಾರು ರಸ್ತೆಗೆ ಬಂದ ಮೇಲೆ ಫೋರ್ ವೀಲ್ ತೆಗೆಯಲು ಮರೆಯುತ್ತೀರಾ? ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತುತ್ತವೆ; ಕೆಸರಿನಲ್ಲಿ ಚಕ್ರ ಜಾರಿ ಅದು ಸರಿಹೋಗುತ್ತದೆ, ಒಣ ರಸ್ತೆಯಲ್ಲಿ ಆ ವ್ಯತ್ಯಾಸವೆಲ್ಲ ಬಿಗಿತವಾಗಿ ಕೇಸಿನೊಳಗೆ ಸೇರುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದ್ದರೆ ನೇರ ರಸ್ತೆಯಲ್ಲಿಯೂ ಹೀಗೆಯೇ. ಲಿವರ್ ಕಚ್ಚಿಕೊಂಡರೆ ಬಲ ಪ್ರಯೋಗಿಸದೆ ಕೆಲವು ಅಡಿ ರಿವರ್ಸ್ ಹೋಗಿ, ಬಿಗಿತ ಸಡಿಲಿಸಿ ತೆಗೆಯಿರಿ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ರಬ್ಬರ್‌ಗಳಲ್ಲಿ ಎರಡು ಪೂರ್ತಿ ಹರಿದಿದ್ದವು, ಬ್ರೀದರ್ ಕೆಂಪು ಮಣ್ಣಿನಿಂದ ಮುಚ್ಚಿತ್ತು, ಎಣ್ಣೆ ಅರ್ಧಕ್ಕಿಂತ ಕಡಿಮೆಯಿದ್ದು ಹಾಲಿನ ಬಣ್ಣಕ್ಕೆ ತಿರುಗಿತ್ತು. ಚೂರು ಸಿಗಲಿಲ್ಲ. ರಬ್ಬರ್, ಸೀಲ್, ಎಣ್ಣೆ ಹೊಸದು ಹಾಕಿದ ಮೇಲೆ ಲೋ ಗೇರ್ ಒಮ್ಮೆಯೂ ಜಾರಿಲ್ಲ, ನೆಲದಲ್ಲಿ ಕಲೆಯೂ ಇಲ್ಲ. ಸದ್ದು ಕಡಿಮೆಯಾಗಿದೆ, ಹೋಗಿಲ್ಲ. ನ್ಯೂಟ್ರಲ್ ಪರೀಕ್ಷೆಯಲ್ಲಿಯೂ ಕೇಳಿಸುತ್ತದೆ. ನೀರು ಕುಡಿದ ಬೇರಿಂಗ್ ಇರಬೇಕೆಂದು ಮೆಕ್ಯಾನಿಕ್ ಕೂಡ ಈಗ ಒಪ್ಪಿದ್ದಾರೆ. ಕೊಯ್ಲು ಶುರುವಾಗುವ ಮೊದಲೇ ಕೇಸ್ ಇಳಿಸಿ ಬೇರಿಂಗ್ ಮಾತ್ರ ಬದಲಿಸಲಿದ್ದೇವೆ. ಒಂದನ್ನೇ ಹಾಕಿದರೆ ಸಾಕೇ, ಇಡೀ ಸೆಟ್ಟನ್ನೇ ಹಾಕಬೇಕೇ ಎಂಬುದನ್ನು ಮಾಡಿಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 ಬರೆದವರು:
ಕೇಸ್ ಇಳಿಸಿದ ಮೇಲೆ ಸೆಟ್ಟನ್ನೇ ಹಾಕಿಸಿ. ನೀರು ಎಲ್ಲ ಬೇರಿಂಗಿಗೂ ಮುಟ್ಟಿರುತ್ತದೆ, ಮತ್ತೊಮ್ಮೆ ಇಳಿಸುವ ಕೂಲಿಯೇ ಹೆಚ್ಚಾದೀತು. ಹೊಸ ಎಣ್ಣೆಯನ್ನು ಮೊದಲ 500 ಕಿ.ಮೀ. ಆದೊಡನೆ ಇನ್ನೊಮ್ಮೆ ಬದಲಿಸಿ, ಆಗಲೂ ಬಿಳಿ ತಟ್ಟೆಯಲ್ಲಿ ಹಿಡಿದು ನೋಡಿ.