ಅಪ್‌ಡೇಟ್: ಕೋಲಾರದಲ್ಲಿ ಫೋನಿನ ಬ್ಯಾರೋಮೀಟರ್ 920 ತೋರಿಸುವುದು ಸರಿಯೇ ಇದೆ

ಫೋನಿನ ಬ್ಯಾರೋಮೀಟರ್ (ಗಾಳಿಯ ಒತ್ತಡ ಅಳೆಯುವ ಸೆನ್ಸರ್) 920 ಹೆಕ್ಟೋಪ್ಯಾಸ್ಕಲ್‌ನ ಆಸುಪಾಸು, ಹವಾಮಾನದ ಆ್ಯಪ್ 1012 ತೋರಿಸ್ತಿದೆ, ಯಾವುದನ್ನು ನಂಬಲಿ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಎರಡೂ ಸರಿ. ಕೋಲಾರ ಇರುವುದು ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲೆ. ಫೋನ್ ಇಲ್ಲಿನ ಗಾಳಿಯ ನಿಜವಾದ ಒತ್ತಡ ಹೇಳುತ್ತದೆ. ಆ್ಯಪ್ ಅದನ್ನೇ ಸಮುದ್ರಮಟ್ಟದ ಲೆಕ್ಕಕ್ಕೆ ತಂದು ತೋರಿಸುತ್ತದೆ. ಇಲ್ಲಾಂದ್ರೆ ಕೋಲಾರವನ್ನೂ ಮಂಗಳೂರನ್ನೂ ಹೋಲಿಸೋದು ಹೇಗೆ, ಅಲ್ವಾ?

ಯೂನಿಟ್‌ಗಳದ್ದು ಅಷ್ಟೇನೂ ತಲೆನೋವಲ್ಲ. ಹೆಕ್ಟೋಪ್ಯಾಸ್ಕಲ್, ಮಿಲಿಬಾರ್ ಎರಡೂ ಒಂದೇ ಅಳತೆ. 0.75ರಿಂದ ಗುಣಿಸಿದರೆ ಪಾದರಸದ ಮಿಲಿಮೀಟರ್: 920 ಅಂದರೆ 690. ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಬೇಕಿದ್ದರೆ 920ನ್ನು 69ರಿಂದ ಭಾಗಿಸಿ, 13.3 ಬರುತ್ತದೆ. ಆದರೆ ಪಂಕ್ಚರ್ ಅಂಗಡಿಯ ಗೇಜ್ ತೋರಿಸುವ 30 ಪಿಎಸ್‌ಐ, ಟೈರಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕ. ಸುಮ್ನೆ ಎರಡನ್ನೂ ಬೆರೆಸಬೇಡಿ.

ನಂದಿಬೆಟ್ಟದ ಮೇಲೆ ಇದೇ ಫೋನ್ 850ರ ಹತ್ತಿರ ತೋರಿಸಿತು. 1478 ಮೀಟರ್ ಎತ್ತರಕ್ಕೆ ಅಷ್ಟೇ ಬರಬೇಕು.