84 ಕೆಜಿ ಇದ್ದೇನೆ, ಪಿಸಿಒಡಿ ಇದೆ. ಮಗುವಾಗಲು ಎಷ್ಟು ತೂಕ ಇಳಿಸಬೇಕು?

ಹಾಸನದ ಸೊಸೆ
ನನಗೆ 29 ವರ್ಷ, ಎತ್ತರ 5 ಅಡಿ 2 ಇಂಚು. ಮದುವೆಯಾಗಿ ಮೂರು ವರ್ಷ. ಪೀರಿಯಡ್ಸ್ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಡಾಕ್ಟರ್ ಸ್ಕ್ಯಾನ್ ನೋಡಿ ಪಿಸಿಒಡಿ, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ ಎಂದರು. "ಮೊದಲು ತೂಕ ಇಳಿಸಿಕೊಂಡು ಬನ್ನಿ" ಎಂದರು. ಎಷ್ಟು ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕರೆದರು. ಊಟಕ್ಕೆ ಕೂತರೆ ಅತ್ತೆಯ ಕಣ್ಣು ನನ್ನ ತಟ್ಟೆ ಮೇಲೆ. ಸೀಮಂತಕ್ಕೆ ಯಾರು ಕರೆದರೂ ಹೋಗಲು ಮನಸ್ಸಾಗುವುದಿಲ್ಲ. 55 ಕೆಜಿಗೆ ಇಳಿಯದೆ ಮಗು ಆಗೋದೇ ಇಲ್ವಾ?

ತುಮಕೂರಿನ ಅಕ್ಕ
ತಂಗಿ, 55ರ ಲೆಕ್ಕ ಮೊದಲು ತಲೆಯಿಂದ ತೆಗೆ. ನಾನು 86 ಇದ್ದೆ. 80ರ ಹತ್ತಿರ ಬಂದಾಗ ಪೀರಿಯಡ್ಸ್ ತಿಂಗಳಿಗೆ ಸರಿಯಾಗಿ ಬರತೊಡಗಿತು. 78ರಲ್ಲಿ ಗರ್ಭ ನಿಂತಿತು. ಇರುವ ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರಿಗೆ ಅಂಡ ಮತ್ತೆ ಬಿಡುಗಡೆಯಾಗುತ್ತದೆ. ನಿನಗೆ ಅದು 4ರಿಂದ 8 ಕೆಜಿ, ಅಷ್ಟೇ.

ಕೊಬ್ಬು ಜಾಸ್ತಿಯಾದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತದೆ. ಅದರಿಂದ ಅಂಡಾಶಯದಲ್ಲಿ ಗಂಡು ಹಾರ್ಮೋನು ಏರಿ ಅಂಡ ಬಲಿಯುವುದಿಲ್ಲ. ಗಲ್ಲದ ಮೇಲೆ ಕೂದಲು ಬರುವುದೂ ಅದಕ್ಕೇ. ಇದು ನಿನ್ನ ಸೋಮಾರಿತನ ಅಲ್ಲಮ್ಮ.

ನಾನು ಉಪವಾಸ ಮಾಡಲಿಲ್ಲ. ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತಿದ್ದೆ, ಲೋಟಕ್ಕೆ ಎರಡು ಚಮಚ ಸಕ್ಕರೆ. ಎರಡೇ ಲೋಟ ಮಾಡಿ ಸಕ್ಕರೆ ಬಿಟ್ಟೆ. ರಾತ್ರಿ ಎರಡು ಮುದ್ದೆ ಒಂದಾಯಿತು, ಸೊಪ್ಪು ಕಾಳು ಜಾಸ್ತಿಯಾಯಿತು. ದಿನಾ ಮುಕ್ಕಾಲು ಗಂಟೆ ಕೆರೆ ಏರಿ ಮೇಲೆ ಬಿರುಸಾಗಿ ನಡೆದೆ. ಏಳು ತಿಂಗಳು ಹಿಡಿಯಿತು.

ಇನ್ನೊಂದು ವಿಷಯ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿ ಒತ್ತಿ ನೋಡಿದರು, ಪಕ್ಕಕ್ಕೆ ಹೊರಳಿಸಿ ನೋಡಿದರು. ಮಗುವಿನ ಹೃದಯ ಸ್ಪಷ್ಟವಾಗಿ ಕಾಣಲಿಲ್ಲ. "ಎರಡು ವಾರ ಬಿಟ್ಟು ಬನ್ನಿ" ಎಂದರು. ಹೊಟ್ಟೆ ಮೇಲಿನ ಜೆಲ್ ಒರೆಸಿಕೊಳ್ಳುತ್ತಲೇ ಅತ್ತುಬಿಟ್ಟೆ. ಕೊಬ್ಬಿನ ಪದರ ದಪ್ಪಗಿದ್ದರೆ ಚಿತ್ರ ಮಸುಕಾಗುತ್ತದಂತೆ. ಎರಡನೇ ಸಲ ಎಲ್ಲವೂ ಚೆನ್ನಾಗಿ ಕಂಡಿತು. ನಿನಗೂ ಮತ್ತೆ ಬರಲು ಹೇಳಿದರೆ ಮಗುವಿಗೆ ಏನೋ ಆಗಿದೆ ಎಂದುಕೊಳ್ಳಬೇಡ.

ಹೆರಿಗೆ ವಾರ್ಡಿನ ಸಿಸ್ಟರ್, ಹುಬ್ಬಳ್ಳಿ
ಮೊದಲು ಥೈರಾಯ್ಡ್, ಶುಗರ್, ಬಿ.ಪಿ. ನೋಡಿಸಿ. ಫೋಲಿಕ್ ಆಸಿಡ್ ಮಾತ್ರೆ ಈಗಿನಿಂದಲೇ ಬೇಕು, ಗರ್ಭ ನಿಂತ ಮೇಲಲ್ಲ. ನಿಮ್ಮ ತೂಕಕ್ಕೆ ಎಷ್ಟು ಡೋಸ್ ಎಂದು ಡಾಕ್ಟರನ್ನೇ ಕೇಳಿ. ತೂಕ ಇಳಿಸುವ ಇಂಜೆಕ್ಷನ್ ಯಾರಾದರೂ ಹೇಳಿದರೆ, ಮಗುವಿಗೆ ಪ್ರಯತ್ನಿಸುತ್ತಿದ್ದೇವೆ ಎಂದು ಮೊದಲೇ ತಿಳಿಸಿ. ಅದನ್ನು ತಿಂಗಳುಗಳ ಮುಂಚೆಯೇ ನಿಲ್ಲಿಸಬೇಕಾಗುತ್ತದೆ.

ದಪ್ಪ ಇರುವ ಬಸುರಿಯರಿಗೆ ಶುಗರ್, ಬಿ.ಪಿ. ಬರುವ ಸಾಧ್ಯತೆ ಜಾಸ್ತಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತೇವೆ. 140 ಮುಟ್ಟಿದರೆ ಬಸುರಿನ ಶುಗರ್ ಎಂದು ಲೆಕ್ಕ. ತಲೆನೋವು, ಕಣ್ಣು ಮಂಜು, ಮುಖ ಊತ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಬನ್ನಿ. ಬಸಿರಾದ ಮೇಲೆ ತೂಕ ಇಳಿಸುವ ಡಯಟ್ ಮಾತ್ರ ಬೇಡವೇ ಬೇಡ.

ಶಿವಮೊಗ್ಗದ ಅಪ್ಪ
ಯಜಮಾನರ ಟೆಸ್ಟ್ ಆಗಿದೆಯಾ ಮೇಡಂ? ನಾನು 102 ಕೆಜಿ ಇದ್ದೆ. ಎರಡು ವರ್ಷ ಮಾತ್ರೆ ನುಂಗಿದ್ದು, ಮಾತು ಕೇಳಿದ್ದು ನನ್ನ ಹೆಂಡತಿ. ಕೊನೆಗೆ ನೋಡಿದರೆ ನನ್ನ ವೀರ್ಯಾಣುಗಳೇ ಕಡಿಮೆ. ಗಂಡಸಿನ ಮೈಯ ಕೊಬ್ಬು ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಆ ಎರಡು ವರ್ಷ ಅವಳಿಗೆ ವಾಪಸ್ ಕೊಡಲು ನನ್ನಿಂದ ಆಗುವುದಿಲ್ಲ.

ಹಾಸನದ ಸೊಸೆ
ಅವರ ಟೆಸ್ಟ್ ಆಗಿಲ್ಲ ಸರ್. ಇದನ್ನೆಲ್ಲ ಓದಿ ಹೇಳಿದೆ, ಸೋಮವಾರ ಬರುತ್ತೇನೆ ಎಂದಿದ್ದಾರೆ. ನಾಳೆಯಿಂದ ಇಬ್ಬರೂ ಮಹಾರಾಜ ಪಾರ್ಕಿಗೆ ವಾಕಿಂಗ್. ಅಕ್ಕ, ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಬಹುದಾ?

ತುಮಕೂರಿನ ಅಕ್ಕ
ಬೇಡ ತಂಗಿ, ಮೈಗೆ ಬೆಲ್ಲವೂ ಸಕ್ಕರೆಯೇ. ಎರಡು ವಾರ ಕಹಿ ಅನ್ನಿಸುತ್ತದೆ, ಆಮೇಲೆ ನಾಲಿಗೆಗೆ ರೂಢಿಯಾಗುತ್ತದೆ.