ಎಪಿಎಂಸಿ ಅಂಗಡಿಯ ಹಳೇ ಇಂಟರ್‌ಕಾಮ್ ತೆಗೆದು ಇಂಟರ್ನೆಟ್ ಫೋನ್ ಹಾಕಸೂದು: ಯಾವುದು ಮೊದ್ಲ, ಯಾವುದು ಕಡೀಕ?

ಪ್ರಶ್ನೆ (ವರ್ತಕರು, ಅಮರಗೋಳ ಎಪಿಎಂಸಿ):

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಒಣಮೆಣಸಿನಕಾಯಿ, ಹತ್ತಿ ದಲಾಲಿ ಅಂಗಡಿ. ಅಮರಗೋಳದಾಗ ಮುಖ್ಯ ಆಫೀಸು, ಬ್ಯಾಡಗಿಯೊಳಗ ಒಂದು ಬ್ರಾಂಚು. ಆಫೀಸಿನ್ಯಾಗ 12 ವರ್ಷದ ಹಳೇ ಇಪಿಎಬಿಎಕ್ಸ್ (ಹೊರಗಿನ ಲೈನನ್ನ ಒಳಗಿನ ಫೋನಿಗೆ ಹಂಚೂ ಇಂಟರ್‌ಕಾಮ್ ಡಬ್ಬಿ) ಐತಿ, 4 ಲ್ಯಾಂಡ್‌ಲೈನು, 22 ಎಕ್ಸ್‌ಟೆನ್ಷನ್. ಹೋದ ತಿಂಗಳ ಸಿಡಿಲಿಗೆ ಒಂದು ಕಾರ್ಡ್ ಸುಟ್ಟು 8 ಎಕ್ಸ್‌ಟೆನ್ಷನ್ ಸತ್ತಾವ. ಆ ಕಾರ್ಡ್ ಈಗ ಸಿಗೂದಿಲ್ಲಂತ. ಒಬ್ಬರು ಬಂದು ನೋಡಿ, "ಎಲ್ಲಾ ಕಿತ್ತು ಒಗೀರಿ, ಕ್ಲೌಡಿಗೆ ಬರ್ರಿ, 22 ಐಪಿ ಫೋನ್, ತಲಿಗೆ ತಿಂಗಳಾ ಇಷ್ಟು" ಅಂತ ಕೊಟೇಶನ್ ಕೊಟ್ಟಾರ. ಅಂದ್ರ ಡಬ್ಬಿ ಅವರ ಕಡೆ, ನಾವು ಇಂಟರ್ನೆಟ್ ಮ್ಯಾಲ ಮಾತಾಡೂದು. ಹುಡುಗ್ರು ಹೂಂ ಅಂತಾರ, ನಮ್ಮ ತಂದಿಯವರು ಬ್ಯಾಡ ಅಂತಾರ. ನನ್ನ ಚಿಂತಿ ಏನಂದ್ರ, 0836 ಹಚ್ಚಿದ ಆ ನಂಬರ್ ಬೋರ್ಡು, ಬಿಲ್ಲು, ಚೀಲ ಎಲ್ಲಾದರ ಮ್ಯಾಲೂ ಐತಿ. ಅದು ಹೋಗಬಾರದು. ಕರೆಂಟ್ ಹೋದ್ರ ಫೋನ್ ಸಾಯಬಾರದು. ಬ್ಯಾಡಗಿ ಬ್ರಾಂಚಿಗೂ ಇದರಿಂದ ಏನರ ಉಪಯೋಗ ಐತೇನು? ಗೊತ್ತಿದ್ದವ್ರು ಹೇಳ್ರಿ.

ಉತ್ತರ (ಟೆಲಿಕಾಂ, ನೆಟ್‌ವರ್ಕ್ ಕೆಲಸದವರು, ಹುಬ್ಬಳ್ಳಿ):

ಸಾವಕಾರ್ರ, ಸದ್ಯಕ್ಕ ಸಹಿ ಮಾಡಬ್ಯಾಡ್ರಿ. ಮೊದ್ಲ ಇಷ್ಟು ಹೇಳ್ರಿ. ಆ 4 ಲೈನ್ ಇನ್ನೂ ತಾಮ್ರದ ತಂತಿ ಮ್ಯಾಲ ಅದಾವೋ, ಫೈಬರಿಗೆ ಬಂದಾವೋ? 22ರಾಗ ದಿನಾ ಹೊರಗಿನ ಗಿರಾಕಿ ಜೋಡಿ ಮಾತಾಡೂ ಫೋನ್ ಎಷ್ಟು? ಎಲ್ಲಾಕಿಂತ ದೂರ ಇರೂ ಫೋನ್ ಎಲ್ಲೈತಿ?

ವರ್ತಕರು: ತಾಮ್ರದ ತಂತೀನರಿ, ಒಂದ ನಂಬರಿಗೆ ನಾಲ್ಕೂ ಹಂಟಿಂಗ್, ಒಂದು ಬ್ಯುಸಿ ಇದ್ರ ಕರೆ ಇನ್ನೊಂದಕ್ಕ ಬರತೈತಿ. ಹೊರಗ ಮಾತಾಡೂವು ಆರ ಆರು. ಉಳಿದವೆಲ್ಲಾ "ಚಹಾ ಕಳಸು, ಬಿಲ್ ಬುಕ್ ತಗೊಂಬಾ" ಅನ್ನೂವು. ದೂರದ್ದು ಲಾರಿ ತೂಗೂ ವೇಬ್ರಿಡ್ಜ್ ಕ್ಯಾಬಿನ್, 180 ಮೀಟರ್ ಆಗಬಹುದು.

ಉತ್ತರ:

ನಿಮ್ಮ ಉತ್ತರದಾಗ ಅರ್ಧಾ ಕೊಟೇಶನ್ ಹರೀತು ನೋಡ್ರಿ. 22 ಸೀಟಿಗೆ ತಿಂಗಳಾ ರೊಕ್ಕ ಅಂದ್ರ, ಐದು ವರ್ಷಕ್ಕ ಒಂದು ಸೀಟಿನ ದರ 1320 ಸರ್ತಿ ಕೊಟ್ಟಂಗ. ಅದರಾಗ 16 ಸೀಟು ಚಹಾ ಹೇಳಾಕ. ಕ್ಲೌಡ್ ಕೆಟ್ಟದ್ದಲ್ಲ, ನಿಮ್ಮ ಅಂಗಡಿಗೆ ಆ ಲೆಕ್ಕ ಕೂಡೂದಿಲ್ಲ ಅಷ್ಟ.

ನಂಬರಿನ ಮಾತು ಮೊದ್ಲ ಹೇಳತೇನಿ, ಯಾಕಂದ್ರ ನಿಮ್ಮ ಆಸ್ತಿ ಅದು, ಡಬ್ಬಿ ಅಲ್ಲ. ಮೊಬೈಲ್ ನಂಬರ್ 2011ರಿಂದ ದೇಶದ ತುಂಬಾ ಪೋರ್ಟ್ ಆಗತೈತಿ. ಲ್ಯಾಂಡ್‌ಲೈನ್ ನಂಬರ್ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕ ಹೋಗೂದಿಲ್ಲ. ಕ್ಲೌಡ್‌ನವರು ಕೊಡೂದು ಹೊಸಾ ನಂಬರ್, ಆಮ್ಯಾಲೆ "ಹಳೇದನ್ನ ಇದಕ್ಕ ಫಾರ್ವರ್ಡ್ ಮಾಡಸ್ರಿ" ಅಂತಾರ. ಹಂಗ ಮಾಡಿದ್ರ ಎರಡೂ ಕಡೆ ಬಾಡಿಗಿ ತುಂಬಬೇಕು. ನೀವು ಮಾಡಬೇಕಾದ್ದು, ಈಗಿನ ಕಂಪನಿಯೊಳಗ ತಾಮ್ರದಿಂದ ಫೈಬರಿಗೆ ಹೋಗೂದು. ಅದ ನಂಬರ್ ಉಳಸ್ಕೊಂಡು ಫೈಬರ್ ಕೊಡ್ತಾರೇನು, ಹಂಟಿಂಗ್ ಫೈಬರಿನ್ಯಾಗೂ ಸಿಗತೈತೇನು ಅಂತ ಬರದ ಕೇಳ್ರಿ, ಬಾಯಿಮಾತು ಬ್ಯಾಡ. ಫೈಬರಿನ ಡಬ್ಬಿ, ಅದ ಓಎನ್‌ಟಿ, ಅದರ ಹಿಂದ ಫೋನ್ ಚುಚ್ಚೂ ತೂತು ಇರತೈತಿ. ಅದರಿಂದ ತಂತಿ ತಂದು ನಿಮ್ಮ ಹಳೇ ಇಪಿಎಬಿಎಕ್ಸಿನ ಟ್ರಂಕ್ ಪೋರ್ಟಿಗೆ (ಹೊರಗಿನ ಲೈನ್ ಕೂಡಸೂ ಜಾಗಾ) ಕೊಟ್ರ ಸೊನ್ನಿ ಒತ್ತಿದ ಕೂಡಲೇ ಡೈಲ್ ಟೋನ್ ಬರತೈತಿ, ಮೊದಲಿನಂಗ. ಇಷ್ಟಕ್ಕ ಹೊಸ ಫೋನ್ ಒಂದೂ ಬೇಕಾಗಿಲ್ಲ. ಆಮ್ಯಾಲೆ ಹಳೇ ಇಪಿಎಬಿಎಕ್ಸಿನ ಜಾಗಾಕ್ಕ ಐಪಿ ಪಿಬಿಎಕ್ಸ್ ಬರತೈತಿ, ಅಂದ್ರ ನೆಟ್‌ವರ್ಕ್ ಮ್ಯಾಲ ನಡಿಯೂ ಇಂಟರ್‌ಕಾಮ್ ಡಬ್ಬಿ.

ಈಗ ಕರೆಂಟ್. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಾನ 48 ವೋಲ್ಟ್ ಬರತಿತ್ತು, ಊರೆಲ್ಲಾ ಕತ್ತಲಾದ್ರೂ ಫೋನ್ ಬಡೀತಿತ್ತು. ಫೈಬರಿನ್ಯಾಗ ಬೆಳಕು ಬರತೈತಿ, ಕರೆಂಟ್ ಬರೂದಿಲ್ಲ. ಓಎನ್‌ಟಿ, ರೌಟರ್, ಸ್ವಿಚ್, ಹೊಸ ಐಪಿ ಪಿಬಿಎಕ್ಸ್, ಫೋನು, ಈ ಸಾಲಿನ್ಯಾಗ ಒಂದು ಆರಿದ್ರೂ ಎಲ್ಲಾ ಮೂಕ. ಅದಕ್ಕ ಐಪಿ ಫೋನಿಗೆ ಬ್ಯಾರೆ ಬ್ಯಾರೆ ಅಡಾಪ್ಟರ್ ಹಚ್ಚಬ್ಯಾಡ್ರಿ. ಪಿಓಇ ಸ್ವಿಚ್ ತಗೋರಿ, ನೆಟ್‌ವರ್ಕ್ ಕೇಬಲ್ಲಿನ್ಯಾಗ ಫೋನಿಗೆ ಕರೆಂಟೂ ಹೋಗತೈತಿ. ಒಂದು ಪೋರ್ಟಿಗೆ 15.4 ವ್ಯಾಟ್ ತನಕ ಕೊಡತೈತಿ, ಸಾದಾ ಮೇಜಿನ ಫೋನಿಗೆ ಅದರ ಅರ್ಧಾನೂ ಬೇಕಾಗೂದಿಲ್ಲ. ಆಗ ಬ್ಯಾಟರಿ ಒಂದ ಕಡೆ ಇಟ್ರ ಸಾಕು. ನಿಮ್ಮ ಸಾಮಾನೆಲ್ಲಾ ಕೂಡಿ 100 ವ್ಯಾಟ್ ಹತ್ತಿರ ಅಂತ ಹಿಡೀರಿ, 150 ಎಎಚ್ ಬ್ಯಾಟರಿ ಇರೂ ಸಾದಾ ಇನ್ವರ್ಟರ್ ಐದಾರು ತಾಸು ಆರಾಮ ಎಳೀತೈತಿ. ಇನ್ವರ್ಟರಿನ ಹಿಂದಿನ ಗುಂಡಿ ಯುಪಿಎಸ್ ಮೋಡಿನ್ಯಾಗ ಇರಲಿ. ಇಲ್ಲಂದ್ರ ಕರೆಂಟ್ ಹೋಗಿ ಬಂದಾಗೊಮ್ಮೆ ಸ್ವಿಚ್ ರೀಸ್ಟಾರ್ಟ್ ಆಗಿ, ಮಾತಾಡೂ ಗಿರಾಕಿ ನಡುವ ಹೋಗ್ತಾನ.

ವೇಬ್ರಿಡ್ಜಿಗೆ ಐಪಿ ಫೋನ್ ಬ್ಯಾಡ. ನೆಟ್‌ವರ್ಕ್ ಕೇಬಲ್ಲಿನ ದಮ್ಮು 100 ಮೀಟರ್. ಹಳೇ ತಾಮ್ರದ ಪೇರ್ 180 ಅಲ್ಲ, ಅದರ ಹತ್ತುಪಟ್ಟು ದೂರ ಇದ್ರೂ ಮಾತು ಒಯ್ಯತೈತಿ. ಆ ತಂತಿ ಹಂಗ ಇಟ್ಟು, ಹಳೇ ಫೋನನ್ನ ಐಪಿ ಪಿಬಿಎಕ್ಸಿಗೆ ಕೂಡಸೂ ಎಫ್‌ಎಕ್ಸ್‌ಎಸ್ ಗೇಟ್‌ವೇ ಅನ್ನೂ ಸಣ್ಣ ಡಬ್ಬಿಗೆ ಕೂಡಸ್ರಿ. ಚಹಾದ 16 ಫೋನೂ ಅದಕ್ಕ. ಕ್ರೋನ್ ಬಾಕ್ಸ್, ಅಂದ್ರ ಎಲ್ಲಾ ಫೋನ್ ತಂತಿ ಬಂದು ಕೂಡೂ ಡಬ್ಬಿ, ಅದರಿಂದ ಆಚೆ ನಿಮ್ಮ ವೈರಿಂಗ್ ಮುಟ್ಟೂದ ಬ್ಯಾಡ. ಹೊರಗಿನಿಂದ ಬರೂ ತಂತಿಗೆ ಮಾತ್ರ ಸಿಡಿಲಿನ ಹೊಡತ ತಡಿಯೂ ಸರ್ಜ್ ಪ್ರೊಟೆಕ್ಟರ್, ಅದಕ್ಕ ಚಲೋ ಅರ್ಥಿಂಗ್ ಹಾಕಸ್ರಿ. ನಿಮ್ಮ ಕಾರ್ಡ್ ಸುಟ್ಟದ್ದು ಬಹುಶಃ ಆ ವೇಬ್ರಿಡ್ಜ್ ತಂತಿಯಿಂದಾನ. ಡಬ್ಬಿ ಬದಲಿಸಿ ಅರ್ಥಿಂಗ್ ಬಿಟ್ರ ಬರೂ ಏಪ್ರಿಲ್, ಮೇದಾಗ ಮತ್ತ ಇದ ಪೋಸ್ಟ್ ಹಾಕತೀರಿ.

ಹೊರಗ ಮಾತಾಡೂ ಆರು ಜನಕ್ಕ ಐಪಿ ಫೋನ್ ಕೊಡ್ರಿ. ಯುನಿಫೈಡ್ ಕಮ್ಯುನಿಕೇಶನ್ ಅಂತ ದೊಡ್ಡ ಹೆಸರು ಇಟ್ಟಾರಲ್ಲ, ಅದರ ಲಾಭ ಇರೂದು ಈ ಆರು ಮಂದಿಗೆ. ಆಫೀಸಿನ ನಂಬರಿಗೆ ಬಂದ ಕರೆ ಮೇಜಿನ ಫೋನಿನ್ಯಾಗೂ ಬಡೀತೈತಿ, ಕಿಸೆದಾಗಿನ ಮೊಬೈಲ್ ಆ್ಯಪಿನ್ಯಾಗೂ ಬಡೀತೈತಿ. ಮೇಜಿನ ಮ್ಯಾಲ ಶುರು ಮಾಡಿದ ಮಾತು ಗೋಡೌನಿನ ಕಡೆ ನಡಕೋತ ಮುಗಸಬಹುದು. ಯಾರು ಲೈನಿನ್ಯಾಗ ಅದಾರ, ಯಾರು ಖಾಲಿ ಅದಾರ ಕಾಣತೈತಿ. ಯಾರ ಕರೆ ತಪ್ಪಿತು ಅನ್ನೂದು ಲಿಸ್ಟಿನ್ಯಾಗ ಉಳೀತೈತಿ. ಈಗ ಏನಾಗೇತಿ ಅಂದ್ರ, ಗಿರಾಕಿ ಎಲ್ಲಾ ಗುಮಾಸ್ತರ ಸ್ವಂತ ಮೊಬೈಲಿಗೆ ಫೋನ್ ಹಚ್ಚಾಕ ಕಲತಾರ. ಗುಮಾಸ್ತ ಕೆಲಸ ಬಿಟ್ಟಾ ಅಂದ್ರ ಗಿರಾಕಿನೂ ಅವನ ಕಿಸೆದಾಗ ಹೋಗ್ತಾನ. ನನ್ನ ಕೇಳಿದ್ರ, ಫೋನ್ ಬದಲಿಸೂ ಒಂದ ಗಟ್ಟಿ ಕಾರಣ ಇದು. ಬಿಲ್ ಉಳಿತಾಯದ ಮಾತು ಬಿಡ್ರಿ, ಎಸ್‌ಟಿಡಿ ಅನ್ನೂದು ಈಗ ಖರ್ಚ ಅಲ್ಲ.

ಟಿಪ್ಪಣಿ (ಗದಗ–ಬೆಟಗೇರಿ, ಪ್ರಿಂಟಿಂಗ್ ಪ್ರೆಸ್ಸಿನವರು): ಸರ್, ನಮ್ಮಲ್ಲಿ ನೆಟ್ 100 ಎಂಬಿಪಿಎಸ್ ಐತಿ, ಆದ್ರೂ ಆ್ಯಪ್ ಕಾಲಿನ್ಯಾಗ ಮಾತು ಕತ್ತರಿಸಿದಂಗ ಕೇಳತೈತಿ. 300ಕ್ಕ ಏರಿಸಿದ್ರ ಸರಿ ಆಗತೈತೇನ್ರಿ?

ಉತ್ತರ: ಆಗೂದಿಲ್ರಿ. ಜಿ.711 ಕೋಡೆಕ್ಕಿನ (ಮಾತನ್ನ ಡಿಜಿಟಲ್ ಮಾಡೂ ಒಂದು ಪದ್ಧತಿ) ಒಂದು ಕರೆಗೆ ಎಲ್ಲಾ ಕೂಡಿ 87 ಕೆಬಿಪಿಎಸ್ ಹತ್ತಿರ ಬೇಕು. ಹತ್ತು ಕರೆ ಒಮ್ಮೆ ನಡದ್ರೂ 1 ಎಂಬಿಪಿಎಸ್ ಒಳಗ. ತೊಂದ್ರಿ ಅಗಲದ್ದಲ್ಲ, ಸರತಿದು. ಸಂತಿಯೊಳಗ ರಸ್ತೆ ಅಗಲ ಇದ್ರೂ ಅಡ್ಡ ಚಕ್ಕಡಿ ನಿಂತ್ರ ಸೈಕಲ್ಲೂ ನಿಲ್ಲತೈತಲ್ಲ, ಹಂಗ. ನಿಮ್ಮಲ್ಲಿ ಆ ಚಕ್ಕಡಿ ಸಿಸಿಟಿವಿ ಅಪ್‌ಲೋಡ್ ಇರಬಹುದು, ಇಲ್ಲಾ ಡಿಸೈನ್ ಫೈಲಿನ ಬ್ಯಾಕಪ್. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗ ಮುಟ್ಟಬೇಕು, ಪ್ಯಾಕೆಟ್ (ನೆಟ್ಟಿನ್ಯಾಗ ಹೋಗೂ ಮಾತಿನ ತುಂಡು) ನೂರಕ್ಕ ಒಂದಕ್ಕಿಂತ ಕಡಿಮಿ ಕಳೀಬೇಕು. ರೌಟರಿನ್ಯಾಗ ಕ್ಯೂಓಎಸ್ ಹಚ್ಚಿ ಮಾತಿನ ಪ್ಯಾಕೆಟ್ ಮುಂದ ಬಿಡಸ್ರಿ, ಬ್ಯಾಕಪ್ ರಾತ್ರಿಗೆ ಹಾಕ್ರಿ. ಮೇಜಿನ ಫೋನ್ ವೈಫೈ ಮ್ಯಾಲ ಇದ್ರ ಇವತ್ತ ಕೇಬಲ್ ಎಳಸ್ರಿ. ಮತ್ತ ನಾಲ್ಕ ಫೋನ್ ಇರೂ ಪ್ರೆಸ್ಸಿಗೆ ಪಿಬಿಎಕ್ಸ್ ಡಬ್ಬಿ ಬೇಕಿಲ್ಲ. ನಾನು ಮ್ಯಾಲೆ ಬೈದ ಕ್ಲೌಡ್ ನಿಮ್ಮಂಥ ಸಣ್ಣ ಆಫೀಸಿಗೆ ಚಲೋ ಹೊಂದತೈತಿ.

ವರ್ತಕರು: ಬ್ಯಾಡಗಿ ಬ್ರಾಂಚಿನ ಮಾತು ಉಳೀತಲ್ರಿ. ಮತ್ತ ನಮ್ಮ ಹುಡುಗ ಅಂತಾನ, ಪುಕ್ಕಟೆ ಸಾಫ್ಟ್‌ವೇರ್ ಐತಿ, ಹಳೇ ಕಂಪ್ಯೂಟರಿಗೆ ಹಾಕಿದ್ರ ಅದ ಪಿಬಿಎಕ್ಸ್ ಆಗತೈತಿ ಅಂತ.

ಉತ್ತರ: ಹುಡುಗ ಹೇಳೂದು ಖರೇ. 1999ರಾಗ ಶುರು ಆದ ಆಸ್ಟೆರಿಸ್ಕ್ ಅಂತ ಐತಿ, ಪುಕ್ಕಟೆ, ಭಾಳ ಗಟ್ಟಿ. ಪ್ಯಾಟ್ಯಾಗ ಸಿಗೂ ಎಷ್ಟೋ ಡಬ್ಬಿಯೊಳಗ ಇರೂದೂ ಅದ. ಆದ್ರ ಸಾಫ್ಟ್‌ವೇರ್ ಪುಕ್ಕಟೆ ಅಂದ್ರ ನೋಡ್ಕೊಳ್ಳೂದು ಪುಕ್ಕಟೆ ಅಲ್ಲ. ಧಾರವಾಡದ ಒಂದು ಆಫೀಸಿನ್ಯಾಗ ಹಿಂಗ ಯಾರೋ ಹಾಕಿಕೊಟ್ಟು ಹೋಗಿದ್ರು. ಎಕ್ಸ್‌ಟೆನ್ಷನ್ 201ಕ್ಕ ಪಾಸ್‌ವರ್ಡೂ 201, ಇಂಟರ್ನೆಟ್ ಕರೆ ಒಳಗ ಬರೂ ಬಾಗಲಾ, ಅದ 5060 ಪೋರ್ಟ್, ಜಗತ್ತಿಗೆಲ್ಲಾ ತೆರೆದದ್ದು. ಶನಿವಾರ ಸಂಜೀಕ ಬಾಗಲಾ ಹಾಕ್ಯಾರ, ಸೋಮವಾರ ಬಂದು ನೋಡಿದ್ರ ಯಾವ್ಯಾವ ದೇಶಕ್ಕೋ ರಾತ್ರಿಯೆಲ್ಲಾ ಕರೆ ಹೋಗ್ಯಾವ. ಬಿಲ್ ಅವರ ಹೆಸರಿಗೇ ಬಂತು. ನೀವು ಯಾವ ಡಬ್ಬಿ ಹಾಕಿದ್ರೂ ಐಎಸ್‌ಡಿ ಬಂದ್ ಮಾಡಸ್ರಿ, ಪಾಸ್‌ವರ್ಡ್ ಉದ್ದ ಇರಲಿ, ಪಿಬಿಎಕ್ಸ್ ನೇರ ಇಂಟರ್ನೆಟ್ಟಿಗೆ ಕಾಣಬಾರದು.

ಬ್ಯಾಡಗಿಗೂ ಅದ ಮಾತು. ಎರಡೂ ಕಡೆ ರೌಟರ್ ನಡುವ ವಿಪಿಎನ್ (ಇಂಟರ್ನೆಟ್ ಒಳಗಿನ ಖಾಸಗಿ ದಾರಿ) ಕಟ್ಟಸ್ರಿ, ಅಲ್ಲಿ ಎರಡು ಐಪಿ ಫೋನ್ ಇಡ್ರಿ. ಅವು ನಿಮ್ಮ ಹುಬ್ಬಳ್ಳಿ ಎಕ್ಸ್‌ಟೆನ್ಷನ್ನ ಆಗತಾವ, ಮೂರಂಕಿ ಒತ್ತಿದ್ರ ಸಾಕು. ಜನವರಿಯಿಂದ ಮಾರ್ಚ್ ತನಕ ಮೆಣಸಿನಕಾಯಿ ಆವಕ ಜೋರ ಇದ್ದಾಗ ಮಾರ್ಕೆಟ್ಟಿನ್ಯಾಗ ಮೊಬೈಲ್ ಡೇಟಾ ಗಿಜಿಗಿಜಿ ಆಗತೈತಿ, ಬರೇ ಆ್ಯಪ್ ನಂಬಿ ಕುಂದರಬ್ಯಾಡ್ರಿ. ಹೊಸಾ ವ್ಯವಸ್ಥಾ ಹಚ್ಚೂದೂ ಸೀಸನ್ ಮುಗದ ಮ್ಯಾಲ. ಒಳಗೊಳಗ ಹಿಂಗ ಇಂಟರ್ನೆಟ್ ಮ್ಯಾಲ ಮಾತಾಡಾಕ ಅಡ್ಡಿ ಇಲ್ಲ. ಹೊರಗಿನ ಕರೆ ಮಾತ್ರ ಲೈಸೆನ್ಸ್ ಇದ್ದ ಕಂಪನಿ ಲೈನಿನಿಂದಾನ ಹೋಗಬೇಕು. "ವಿದೇಶದ ಕರೆ ನಿಮ್ಮ ಲೋಕಲ್ ಲೈನಿಗೆ ಇಳಸ್ತೇವಿ, ತಿಂಗಳಾ ಬಾಡಿಗಿ ಕೊಡತೇವಿ" ಅಂತ ಯಾರರ ಬಂದ್ರ ಚಹಾನೂ ಕುಡಸಬ್ಯಾಡ್ರಿ. ಅದು ಅಕ್ರಮ ಎಕ್ಸ್‌ಚೇಂಜ್, ಪೊಲೀಸ್ ಕೇಸು.

ಇನ್ನೊಂದು, ನಿಮ್ಮ ಆಫೀಸಿಗಂತನ. ಡಬ್ಬಿ ಫ್ಯಾನ್ ಇಲ್ಲದ್ದು ತಗೋರಿ, ಇಲ್ಲಾ ಬಾಗಲಾ ಮುಚ್ಚೂ ರ‍್ಯಾಕಿನ್ಯಾಗ ಇಡ್ರಿ. ಮೆಣಸಿನಕಾಯಿ ಧೂಳು ಫ್ಯಾನಿನ್ಯಾಗ ಹೊಕ್ಕು ಮೇಣದಂಗ ಕೂಡತೈತಿ, ಬಿಚ್ಚಿ ಒರಸೂ ಹೊತ್ತಿಗೆ ನಮ್ಮ ಹುಡುಗ್ರಿಗೆ ಸೀನ ಹತ್ತತಾವ. 1986ರಾಗ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ–ಡಾಟ್‌ನವರ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಮೊದಲ ಕೂತದ್ದು ನಮ್ಮ ಮಗ್ಗಲದ ಕಿತ್ತೂರಿನ್ಯಾಗ. ಎಸಿ ಇಲ್ಲದ ಖೋಲಿಯೊಳಗ ನಡೀಲಿ ಅಂತನ ಅದನ್ನ ಮಾಡಿದ್ರು. ಈಗಿನ ಸಾಮಾನಿಗೆ ಅಷ್ಟು ತಾಳಿಕಿ ಇಲ್ರಿ.

ಟಿಪ್ಪಣಿ (ಹಾವೇರಿ, ಗೊಬ್ಬರದ ಅಂಗಡಿ): ಇಷ್ಟೆಲ್ಲಾ ಯಾಕ್ರಿ? ನಮ್ದು ಎಲ್ಲಾ ವಾಟ್ಸಾಪ್ ಮ್ಯಾಲ ನಡೀತೈತಿ.

ಉತ್ತರ: ಒಬ್ಬರ ಕುಂತು ನಡಸೂ ಅಂಗಡಿಗೆ ಸಾಕ್ರಿ. ಆರು ಮಂದಿ ಒಂದ ಗಿರಾಕಿಗೆ ಆರು ದರ ಹೇಳೂ ತನಕ.

ವರ್ತಕರು: ಹೊಸಾ ಡಬ್ಬಿ ಹಚ್ಚಿದ ಮ್ಯಾಲ ಏನರ ತ್ರಾಸ ಬರತೈತೇನ್ರಿ? ಮೊದ್ಲ ಹೇಳಿಬಿಡ್ರಿ, ತಂದಿಯವರಿಗೆ ಉತ್ತರ ಕೊಡಬೇಕು.

ಉತ್ತರ: ಎರಡು ಖಂಡಿತ ಬರತಾವ. ಗಿರಾಕಿ ಫೋನ್ ಇಟ್ಟ ಮ್ಯಾಲೂ ನಿಮ್ಮ ಲೈನ್ ಬಿಡದ ಹಿಡಕೊಂಡ ಕುಂದರತೈತಿ, ಮುಂದಿನವ್ರಿಗೆ ಬ್ಯುಸಿ ಬರತೈತಿ. ಲೈನ್ ಕಡೀತು ಅನ್ನೂದು ಡಬ್ಬಿಗೆ ತಿಳಿಯಬೇಕಂದ್ರ ಬ್ಯುಸಿ ಟೋನ್ ಇಲ್ಲಾ ಪೊಲಾರಿಟಿ ರಿವರ್ಸಲ್ (ಲೈನಿನ ಪ್ಲಸ್ ಮೈನಸ್ ತಿರುಗೂದು) ಸೆಟ್ ಮಾಡಬೇಕು. ಎರಡನೇದು, ಕರೆ ಮಾಡಿದವ್ರ ನಂಬರ್ ಕಾಣೂದಿಲ್ಲ. ಕಾಲರ್ ಐಡಿ ಎಫ್‌ಎಸ್‌ಕೆಯೋ ಡಿಟಿಎಂಎಫೋ (ನಂಬರ್ ಕಳಸೂ ಎರಡು ಪದ್ಧತಿ) ನೋಡಿ ಬದಲಸಬೇಕು. ಹಚ್ಚಾವ್ರು ಇವೆರಡನ್ನೂ ನಿಮ್ಮ ಎದುರು ತೋರಿಸಿದ ಮ್ಯಾಲ ಕಡೀ ಕಂತು ಕೊಡ್ರಿ. ಹಳೇ ಇಪಿಎಬಿಎಕ್ಸ್ ಒಂದು ತಿಂಗಳ ಗ್ವಾಡಿಯಿಂದ ಇಳಸಬ್ಯಾಡ್ರಿ.

ವರ್ತಕರು: ಆಯ್ತ್ರಿ. ಅಲ್ಲೀತನಕ ಸತ್ತ 8 ಎಕ್ಸ್‌ಟೆನ್ಷನ್ ಏನ ಮಾಡೂದು? ವೇಬ್ರಿಡ್ಜೂ ಅದರಾಗ ಐತಿ, ಹುಡುಗ ಓಡಾಡಿ ಸುಸ್ತ ಆಗ್ಯಾನ.

ಉತ್ತರ: ಉಳಿದ ಎರಡು ಕಾರ್ಡಿನ್ಯಾಗ 16 ಪೋರ್ಟ್ ಜೀವಂತ ಅದಾವಲ್ಲ. ಅದರಾಗ ಯಾರೂ ಎತ್ತದ ಫೋನ್ ಎರಡರ ಇರತಾವ. ಕ್ರೋನ್ ಬಾಕ್ಸಿನ್ಯಾಗ ಅದರ ಜಂಪರ್ (ಕೂಡಸೂ ಸಣ್ಣ ತಂತಿ) ತೆಗೆದು ವೇಬ್ರಿಡ್ಜಿನ ಪೇರಿಗೆ ಒತ್ತಸ್ರಿ, ಹತ್ತು ನಿಮಿಷದ ಕೆಲಸ. ಸರ್ಜ್ ಪ್ರೊಟೆಕ್ಟರ್ ಹಾಕಿದ ಮ್ಯಾಲ ಮಾತ್ರ ಒತ್ತಸ್ರಿ, ಇಲ್ಲಂದ್ರ ಮುಂದಿನ ಸಿಡಿಲಿಗೆ ಎರಡನೇ ಕಾರ್ಡು.